ಬೈಕ್ ಸೋಪಿಗೆ ಅರಿಶಿನ ಪರೀಕ್ಷೆ

ಭಾನುವಾರ ಬೆಳಿಗ್ಗೆ ಯಾವ ಬಡಾವಣೆಗೆ ಹೋದರೂ ಈ ದೃಶ್ಯ ಗ್ಯಾರಂಟಿ. ಗೇಟಿನ ಮುಂದೆ ಬೈಕು, ಪಕ್ಕದಲ್ಲಿ ನೊರೆ ತುಂಬಿದ ಬಕೆಟ್ಟು. ಪ್ಯಾಂಟು ಮಡಚಿಕೊಂಡ ಹುಡುಗ ಬಟ್ಟೆ ಒಗೆಯುವ ಪೌಡರ್ ಒಂದು ಹಿಡಿ ಸುರಿದು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ನಿಂದ ಟ್ಯಾಂಕ್ ತಿಕ್ಕುತ್ತಿರುತ್ತಾನೆ. ಬೈಕ್ ಕೊಳ್ಳುವಾಗ ಮೂರು ಶೋರೂಮ್ ಸುತ್ತುತ್ತೇವೆ, ಮೈಲೇಜ್ ಬಗ್ಗೆ ಮೂವತ್ತು ಜನರನ್ನು ಕೇಳುತ್ತೇವೆ. ಅದನ್ನು ತೊಳೆಯಲು ಏನು ಬಳಸಬೇಕು ಎಂದು ಮೂರು ನಿಮಿಷವೂ ಯೋಚಿಸುವುದಿಲ್ಲ.

ನೊರೆ ಜಾಸ್ತಿ ಬಂದರೆ ಒಳ್ಳೆಯ ಸೋಪು ಎಂಬ ನಂಬಿಕೆ ನಮ್ಮಲ್ಲಿದೆ. ನೊರೆಗೂ ಬೈಕಿನ ಸುರಕ್ಷತೆಗೂ ಸಂಬಂಧವಿಲ್ಲ. ಮೊದಲು ನೋಡಬೇಕಾದದ್ದು ಸೋಪು ಎಷ್ಟು ಕ್ಷಾರೀಯ ಎಂಬುದನ್ನು. ಅದಕ್ಕೆ ಕಾಲೇಜಿನ ಲ್ಯಾಬ್ ಬೇಕಿಲ್ಲ, ಅಡುಗೆಮನೆಯ ಅರಿಶಿನ ಸಾಕು.

ಹಳದಿಯೋ, ಕೆಂಪೋ?

ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿದ ಕಲೆಗೆ ಸೋಪು ಹಚ್ಚಿದರೆ ಅದು ಕೆಂಪಾಗುತ್ತದೆ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಇದನ್ನು ಓದಿದ್ದೇವೆ. ಅರಿಶಿನದ ಕರ್ಕ್ಯುಮಿನ್ ಕ್ಷಾರ ತಾಗಿದಾಗ ಬಣ್ಣ ಬದಲಿಸುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ಕಾರಣಕ್ಕೆ.

ಚಿಟಿಕೆ ಅರಿಶಿನವನ್ನು ನೀರಲ್ಲಿ ಕಲಸಿ ಬಿಳಿ ಹಾಳೆಗೆ ಬಳಿದು ಒಣಗಿಸಿ. ಸೋಪನ್ನು ನೀರಲ್ಲಿ ಕರಗಿಸಿ ಅದರ ಮೇಲೆ ಒಂದು ಹನಿ ಬಿಡಿ. ನಾನು ಮನೆಯಲ್ಲಿದ್ದ ನಾಲ್ಕು ಬಗೆ ನೋಡಿದೆ. ಬಟ್ಟೆ ಪೌಡರ್ ಮತ್ತು ಪಾತ್ರೆ ತೊಳೆಯುವ ಸೋಪಿನ ಬಿಲ್ಲೆ ತಕ್ಷಣ ಕೆಂಪು ತೋರಿಸಿದವು. ತಲೆಗೆ ಹಾಕುವ ಶಾಂಪೂ ಸ್ಯಾಶೆ ಮತ್ತು ಬೈಕ್ ಶಾಂಪೂ ಹಳದಿಯಾಗಿಯೇ ಉಳಿದವು.

ಕೆಂಪಾದರೆ ಏನು ತೊಂದರೆ? ಬೈಕಿನ ಇಂಜಿನ್ ಕವರ್, ಅಲಾಯ್ ಚಕ್ರ ಎಲ್ಲ ಹೆಚ್ಚಾಗಿ ಅಲ್ಯೂಮಿನಿಯಂ ಮಿಶ್ರಲೋಹ. ಅಲ್ಯೂಮಿನಿಯಂ ತನ್ನ ಮೇಲೆ ತಾನೇ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಂಡು ತುಕ್ಕಿನಿಂದ ಬಚಾವಾಗುತ್ತದೆ. ಆ ಪದರಕ್ಕೆ ಆಮ್ಲವೂ ಆಗದು, ಕ್ಷಾರವೂ ಆಗದು. ಬಟ್ಟೆ ಪೌಡರ್‌ನಲ್ಲಿ ವಾಷಿಂಗ್ ಸೋಡಾ ಇರುತ್ತದೆ. ಒಂದು ದಿನಕ್ಕೆ ಏನೂ ಕಾಣುವುದಿಲ್ಲ. ಪ್ರತಿ ವಾರ ಹಾಕುತ್ತಾ ಹೋದರೆ ಪೇಂಟ್ ಇಲ್ಲದ ಲೋಹದ ಭಾಗ ಮಂಕಾಗುತ್ತದೆ, ಪೇಂಟಿನ ಮೇಲಿನ ವ್ಯಾಕ್ಸ್ ಹೋಗುತ್ತದೆ. ಜೊತೆಗೆ ಕರಗದ ಪೌಡರಿನ ಕಾಳು, ಹಸಿರು ಸ್ಕ್ರಬ್ಬರ್ ಸೇರಿದರೆ ಟ್ಯಾಂಕಿಗೆ ಮರಳು ಕಾಗದ ಉಜ್ಜಿದ ಹಾಗೆ. ಬಿಸಿಲಿಗೆ ಹಿಡಿದರೆ ಜೇಡರ ಬಲೆಯಂಥ ಗೀರುಗಳು ಕಾಣುತ್ತವಲ್ಲ, ಅವು ಹೀಗೇ ಬಂದವು.

ಅರಿಶಿನ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ನೆನಪಿರಲಿ. ಟಾಯ್ಲೆಟ್ ಕ್ಲೀನರ್ ಹನಿಸಿದರೂ ಅದು ಹಳದಿಯಾಗಿಯೇ ಇರುತ್ತದೆ, ಏಕೆಂದರೆ ಅದು ಆಮ್ಲ. ಅಲಾಯ್ ಬೆಳ್ಳಗಾಗಲಿ ಎಂದು ಅದನ್ನು ಸುರಿಯುವವರಿದ್ದಾರೆ. ದಯವಿಟ್ಟು ಬೇಡ.

ಮ್ಯಾಟ್ ಬಣ್ಣದ ಬೈಕ್ ಇದ್ದವರಿಗೆ ಇನ್ನೊಂದು ಮಾತು. ಅದಕ್ಕೆ ಪಾಲಿಶ್ ಹಚ್ಚಿ ತಿಕ್ಕಬೇಡಿ. ತಿಕ್ಕಿದ ಕಡೆ ಮಾತ್ರ ಹೊಳೆದು ತೇಪೆ ಹಾಕಿದಂತೆ ಕಾಣುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಚೈನಿಗೆ ಬೇರೆ ಕಾನೂನು

ಚೈನಿನ ಗ್ರೀಸ್ ಕೊಳೆ ಶಾಂಪೂವಿಗೆ ಬಗ್ಗದು. ಹಾಗೆಂದು ಪೆಟ್ರೋಲ್ ಸುರಿಯುವುದು ತಪ್ಪು. ಈಗಿನ ಅನೇಕ ಬೈಕ್‌ಗಳ ಚೈನಿನೊಳಗೆ ಸಣ್ಣ ರಬ್ಬರ್ ಉಂಗುರಗಳಿರುತ್ತವೆ, ಅವು ಒಳಗಿನ ಗ್ರೀಸನ್ನು ಹಿಡಿದಿಡುತ್ತವೆ. ಪೆಟ್ರೋಲ್ ಮತ್ತು ತಂತಿಯ ಬ್ರಷ್ ಎರಡೂ ಆ ರಬ್ಬರನ್ನು ಹಾಳುಮಾಡುತ್ತವೆ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆಯ ಬ್ರಷ್ ಇದ್ದರೆ ಸಾಕು. ಒರೆಸಿ ಒಣಗಿಸಿದ ಮೇಲೆ ಚೈನ್ ಲ್ಯೂಬ್ ಅಥವಾ ನಿಮ್ಮ ಬೈಕಿನ ಕೈಪಿಡಿಯಲ್ಲಿ ಹೇಳಿರುವ ಗೇರ್ ಆಯಿಲ್ ಹಾಕಿ.

ಒಂದು ಎಚ್ಚರಿಕೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಿಂದಲೇ ತಿರುಗಿಸಿ. ಇಂಜಿನ್ ಓಡುವಾಗ ಚೈನಿಗೆ ಬಟ್ಟೆ ಹಿಡಿದರೆ, ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್‌ಗೆ ಸಿಗುತ್ತದೆ.

ಹೊಳಪು ಬೇಡದ ಜಾಗ

ಕೆಲವು ವಾಟರ್ ಸರ್ವಿಸ್ ಅಂಗಡಿಗಳಲ್ಲಿ ತೊಳೆದ ಮೇಲೆ ಮಿಂಚಲಿ ಎಂದು ಡೀಸೆಲ್ ಸ್ಪ್ರೇ ಹೊಡೆಯುತ್ತಾರೆ. ನಮ್ಮ ಮನೆಯ ಬೈಕಿನಲ್ಲಿ ಅಪ್ಪ ವಾರಕ್ಕೆ ಆರು ದಿನ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಸರ್ವಿಸ್‌ಗೆ ಬಿಟ್ಟಾಗ ನಾನು ಮೊದಲು ಹೇಳುವ ಮಾತು, ‘ಅಣ್ಣಾ, ಡೀಸೆಲ್ ಹೊಡೀಬೇಡಿ’. ಎಣ್ಣೆಯ ಅಂಶ ಬ್ರೇಕ್ ಡಿಸ್ಕ್ ಅಥವಾ ಡ್ರಮ್ಮಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಪ್ಯಾಡ್ ಎಣ್ಣೆ ಹೀರಿಕೊಂಡರೆ ಅದನ್ನು ಬದಲಿಸುವುದೇ ದಾರಿ. ಟೈರ್ ಪಾಲಿಶ್ ಕೂಡ ಅಷ್ಟೇ. ಕಾರು ವಾಲುವುದಿಲ್ಲ, ಬೈಕು ತಿರುವಿನಲ್ಲಿ ವಾಲುತ್ತದೆ. ರಸ್ತೆಗೆ ತಾಗುವ ಭಾಗದಲ್ಲಿ ಪಾಲಿಶ್ ಇದ್ದರೆ ಜಾರುವುದು ಖಂಡಿತ.

ಹೈ ಪ್ರೆಶರ್ ನೀರನ್ನೂ ಚಕ್ರದ ಬೇರಿಂಗ್, ಹ್ಯಾಂಡಲ್‌ನ ಸ್ವಿಚ್, ರೇಡಿಯೇಟರ್ ಹತ್ತಿರ ಹಿಡಿಯಲು ಬಿಡಬೇಡಿ. ಒಳಗೆ ಹೊಕ್ಕ ನೀರು ಗ್ರೀಸ್ ತೊಳೆದು ಹಾಕುತ್ತದೆ.

ಎರಡು ಬಕೆಟ್ ಸಾಕು

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ಮೀರಿದರೆ 5,000 ರೂಪಾಯಿ ದಂಡ ಎಂದಿತ್ತು. ದಂಡ ಇರಲಿ ಇಲ್ಲದಿರಲಿ, ಲೆಕ್ಕ ಹಾಕಿ ನೋಡಿ. ನಮ್ಮ ಮನೆಯ ಪೈಪಿನಲ್ಲಿ 15 ಲೀಟರ್ ಬಕೆಟ್ ತುಂಬಲು ಒಂದು ನಿಮಿಷ ಬೇಕು. 20 ನಿಮಿಷ ಪೈಪ್ ಹಿಡಿದು ನಿಂತರೆ 300 ಲೀಟರ್ ಚರಂಡಿಗೆ. ಎರಡು ಬಕೆಟ್ ಎಂದರೆ 30 ಲೀಟರ್, ಅಷ್ಟೇ.

ಕ್ರಮ ಹೀಗಿದೆ. ಇಂಜಿನ್, ಸೈಲೆನ್ಸರ್ ಪೂರ್ತಿ ತಣ್ಣಗಾಗಲಿ. ನೆರಳಿನಲ್ಲಿ ನಿಲ್ಲಿಸಿ, ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಉಜ್ಜುವ ಮೊದಲು ಮಗ್ಗಿನಿಂದ ನೀರು ಹಾಕಿ ಕೆಸರನ್ನು ನೆನೆಯಲು ಬಿಡಿ. ಇದಕ್ಕೆ ಆರ್‌ಒ ಫಿಲ್ಟರಿನಿಂದ ಹೊರಬೀಳುವ ನೀರೂ ಆದೀತು. ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಟ್ಯಾಂಕಿನಿಂದ ಶುರುಮಾಡಿ ಕೆಳಗೆ ಬನ್ನಿ, ಪ್ರತಿ ಸಲ ಬಟ್ಟೆಯನ್ನು ಬರೀ ನೀರಲ್ಲಿ ಜಾಲಿಸಿ ಮತ್ತೆ ಶಾಂಪೂವಿಗೆ ಅದ್ದಿ. ಚಕ್ರಕ್ಕೆ ಬೇರೆ ಬಟ್ಟೆ ಇರಲಿ. ಆಮೇಲೆ ಎರಡನೇ ಬಕೆಟ್ಟಿಗೆ ಹೊಸ ನೀರು ತುಂಬಿ ಮಗ್ಗಿನಿಂದ ತೊಳೆದರೆ ಮುಗಿಯಿತು. ಆಗಲೂ 45 ಲೀಟರ್ ದಾಟುವುದಿಲ್ಲ.

ತೊಳೆದ ಮೇಲೆ ತಾನಾಗಿಯೇ ಒಣಗಲಿ ಎಂದು ಬಿಡಬೇಡಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಚುಕ್ಕೆಯಾಗಿ ಕೂರುತ್ತವೆ. ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಕವರ್ ತೆಗೆದು ಸ್ಟಾರ್ಟ್ ಮಾಡಿ, ಮನೆ ಮುಂದೆಯೇ ನಿಧಾನವಾಗಿ ಓಡಿಸುತ್ತಾ ನಾಲ್ಕೈದು ಸಲ ಬ್ರೇಕ್ ಹಿಡಿಯಿರಿ. ಒದ್ದೆ ಬ್ರೇಕ್ ಒಣಗಿದೆ ಎಂದು ಖಾತ್ರಿಯಾದ ಮೇಲೆ ಮುಖ್ಯರಸ್ತೆಗೆ ಹೋಗಿ.

ಡೆಲಿವರಿ ಕೆಲಸ ಮಾಡುತ್ತಾ ಓದುವ, ಇಂಟರ್‌ವ್ಯೂಗೆಂದು ಊರೆಲ್ಲ ಸುತ್ತುವ ಗೆಳೆಯರಿಗೆ ಬೈಕೇ ಬಂಡವಾಳ. ಶಾಂಪೂ ಕೊಳ್ಳಲು ಈ ತಿಂಗಳು ದುಡ್ಡಿಲ್ಲವೇ? ಒಂದೆರಡು ರೂಪಾಯಿಯ ತಲೆ ಶಾಂಪೂ ಸ್ಯಾಶೆಯೇ ಒಂದು ಬಕೆಟ್‌ಗೆ ಸಾಕು. ಅದೂ ಇಲ್ಲದಿದ್ದರೆ ಬರೀ ನೀರು, ಮೆತ್ತನೆಯ ಬಟ್ಟೆ. ಪೌಡರ್ ಮಾತ್ರ ಬಟ್ಟೆಗೇ ಇರಲಿ.