ಗುಂಪಿನ ಹಾಡು ಕಟ್ಟುವುದು ಹೇಗೆ?

ನಮ್ಮ ಭಾಗದ ಹಳ್ಳಿಗಳಲ್ಲಿ ಮೊಹರಂ ಬಂದರೆ ರಿವಾಯತ್ ಪದ ಕೇಳಿಸುತ್ತದೆ. ಮುಂದಿನವರು ಕರ್ಬಲಾದ ಕಥೆಯನ್ನು ನುಡಿ ನುಡಿಯಾಗಿ ಹಾಡಿದರೆ, ಹಿಂದಿನವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ಶಿಶುನಾಳ ಶರೀಫರೂ (1819–1889) ರಿವಾಯತ್ ಪದಗಳನ್ನು ಕಟ್ಟಿದವರೇ.

ಗೆಳೆಯರೊಡನೆ ಹಾಡು ಕಟ್ಟುವಾಗ ನಾನು ಹಿಡಿಯುವುದೂ ಇದೇ ದಾರಿ. ಮೊದಲು ಧಾಟಿ ಗುನುಗುತ್ತೇವೆ. ಅದು ಕೈತಾಳಕ್ಕೆ ಕುಳಿತ ಮೇಲೆ ಪಲ್ಲವಿ. ಪಲ್ಲವಿ ಒಂದೇ ಉಸಿರಿಗೆ ಮುಗಿಯಬೇಕು. ಮೊದಲ ಸಲ ಕೇಳಿದವರ ಬಾಯಿಗೂ ಬರಬೇಕು. ಹೇಳಬೇಕಾದ ಕಥೆಯೆಲ್ಲ ನುಡಿಗಳಿಗೆ.

ಜಗಳ ಹುಟ್ಟುವುದು ಸಾಲು ಬಿಡುವಾಗ. ಯಾರ ಸಾಲು ಎಷ್ಟೇ ಚೆಂದವಿರಲಿ, ಎಲ್ಲರೂ ಕೂಡಿ ಹಾಡುವಾಗ ತೊಡರಿದರೆ ಅದನ್ನು ಬಿಡಲೇಬೇಕು. ಹಾಡು ಗುಂಪಿನದು, ಬರೆದವನೊಬ್ಬನದಲ್ಲ.

ಪದ ಪುಸ್ತಕದಲ್ಲಿ ಸಿಕ್ಕೀತು, ಧಾಟಿ ಸಿಗದು. ಅದು ಹಿರಿಯರ ಕಂಠದಲ್ಲಿದೆ. ನಿಮ್ಮ ಮನೆಯಲ್ಲಿ ಹಾಡುವ ಅಜ್ಜನಿದ್ದರೆ, ಈಗಲೇ ಕೂತು ಕಲಿಯಿರಿ.