ಮೂರನೇ ಸೆಟ್ ಪೂರ್ತಿ ಇರಲಿ

2015ರ ಜುಲೈ 11. ವಿಂಬಲ್ಡನ್ ಮಹಿಳೆಯರ ಡಬಲ್ಸ್ ಫೈನಲ್‌ನ ಮೂರನೇ ಸೆಟ್‌ನಲ್ಲಿ ಸಾನಿಯಾ ಮಿರ್ಜಾ ಮತ್ತು ಮಾರ್ಟಿನಾ ಹಿಂಗಿಸ್ 2–5ರಿಂದ ಹಿಂದಿದ್ದರು. ಇನ್ನೊಂದು ಗೇಮ್ ಕಳೆದುಕೊಂಡರೆ ಎಲ್ಲ ಮುಗಿದಂತೆ. ಎದುರಿಗಿದ್ದದ್ದು ರಷ್ಯಾದ ಮಕರೋವಾ–ವೆಸ್ನಿನಾ. ಫ್ರೆಂಚ್ ಓಪನ್, ಅಮೆರಿಕ ಓಪನ್ ಎರಡನ್ನೂ ಆಗಲೇ ಗೆದ್ದಿದ್ದ ಜೋಡಿ.

ಡಬಲ್ಸ್ ಎಂದರೆ ಸಿಂಗಲ್ಸ್‌ನ ತಂಗಿ ಎಂದು ತಿಳಿದವರೇ ಹೆಚ್ಚು. ಕಾಲೇಜಿನ ದಿನಗಳಲ್ಲಿ ಡಬಲ್ಸ್ ಆಡಿದ ನಾನು ಇದನ್ನು ಒಪ್ಪುವುದಿಲ್ಲ. ಸಿಂಗಲ್ಸ್ ಅಂಗಳದ ಅಗಲ 27 ಅಡಿ, ಡಬಲ್ಸ್‌ಗೆ 36. ಆಡುವವರು ಎರಡು ಪಟ್ಟಾದರೂ ಜಾಗ ಹೆಚ್ಚುವುದು ಒಂಬತ್ತೇ ಅಡಿ. ಬರೀ ಜೋರಾಗಿ ಹೊಡೆದರೆ ನೆಟ್ ಹತ್ತಿರ ನಿಂತವಳು ತಡೆದುಬಿಡುತ್ತಾಳೆ. ಇಬ್ಬರ ನಡುವೆ ಬಂದ ಚೆಂಡಿಗೆ "ನಂದು", "ನೀನ್ ತಗೋ" ಎಂದು ಕೂಗಲೂ ಪುರುಸೊತ್ತಿರುವುದಿಲ್ಲ. ಜೊತೆಗಾತಿ ಯಾವ ಕಡೆ ಹೆಜ್ಜೆ ಇಡುತ್ತಾಳೆಂಬುದು ಮೊದಲೇ ಗೊತ್ತಿರಬೇಕು.

ಈ ಹೊಂದಾಣಿಕೆ ಸಾನಿಯಾ–ಹಿಂಗಿಸ್‌ಗೆ ಬೇಗ ಕೂಡಿಬಂತು. ಹೈದರಾಬಾದಿನ ಸಾನಿಯಾ ಹಿಂದಿನ ಗೆರೆಯಿಂದ ಫೋರ್‌ಹ್ಯಾಂಡ್ ಬೀಸಿದರೆ ಎದುರಾಳಿಗಳ ಉತ್ತರ ಸಡಿಲವಾಗುತ್ತಿತ್ತು. ಸ್ವಿಟ್ಜರ್ಲೆಂಡಿನ ಹಿಂಗಿಸ್ ನೆಟ್ ಬಳಿ ಕಾದಿದ್ದು, ಆ ಚೆಂಡನ್ನು ಖಾಲಿ ಮೂಲೆಗೆ ಇಳಿಸುತ್ತಿದ್ದಳು. ಆ ವರ್ಷ ಜೊತೆಯಾಗಿ ಆಡಿದ ಮೊದಲ ಮೂರೂ ಟೂರ್ನಿಗಳನ್ನು ಗೆದ್ದರು: ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್. ಏಪ್ರಿಲ್‌ನಲ್ಲಿ ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದಳು.

ಆದರೂ ಫೈನಲ್‌ನ ಮೊದಲ ಸೆಟ್ 5–7ರಲ್ಲಿ ಹೋಯಿತು. ಎರಡನೆಯದನ್ನು ಟೈಬ್ರೇಕ್‌ನಲ್ಲಿ ಉಳಿಸಿಕೊಂಡರು. ಮೂರನೆಯದರಲ್ಲಿ 2–5ರಿಂದ ಒಂದೊಂದೇ ಗೇಮ್ ಕಿತ್ತುಕೊಂಡು 5–5 ಮಾಡಿದರು. ಲಂಡನ್‌ನಲ್ಲಿ ಕತ್ತಲಾಗುತ್ತಿತ್ತು, ಆಟ ನಿಲ್ಲಿಸಿ ಸೆಂಟರ್ ಕೋರ್ಟ್‌ನ ಚಾವಣಿ ಮುಚ್ಚಿ ದೀಪ ಹಾಕಿದರು. ಮತ್ತೆ ಆಟಕ್ಕಿಳಿದವರು ಉಳಿದೆರಡು ಗೇಮ್‌ಗಳನ್ನೂ ಬಿಡಲಿಲ್ಲ. ಸತತ ಐದು ಗೇಮ್, 7–5! ಮಹಿಳೆಯರ ಡಬಲ್ಸ್‌ನಲ್ಲಿ ಗ್ರ್ಯಾನ್ ಸ್ಲಾಮ್ ಗೆದ್ದ ಮೊದಲ ಭಾರತೀಯಳನ್ನು ಕಂಡು ಆ ರಾತ್ರಿ ನನ್ನ ಕಣ್ಣು ತುಂಬಿತು.

ಇದೇ ಪಂದ್ಯ ಮಹಿಳಾ ಟೂರ್‌ನ ಸಾಮಾನ್ಯ ಟೂರ್ನಿಯಲ್ಲಿ ನಡೆದಿದ್ದರೆ ಈ ಐದು ಗೇಮ್ ಇರುತ್ತಲೇ ಇರಲಿಲ್ಲ. ಅಲ್ಲಿ ತಲಾ ಒಂದು ಸೆಟ್ ಗೆದ್ದರೆ ಮೂರನೆಯದರ ಬದಲು ಹತ್ತು ಪಾಯಿಂಟ್‌ಗಳ ಮ್ಯಾಚ್ ಟೈಬ್ರೇಕ್ ಆಡಿಸುತ್ತಾರೆ. 40–40 ಆದಾಗ ಒಂದೇ ಪಾಯಿಂಟ್‌ನಲ್ಲಿ ಗೇಮ್ ತೀರ್ಮಾನ. ಪಂದ್ಯ ಬೇಗ ಮುಗಿಯುತ್ತದೆ, ನಿಜ. ಆದರೆ ಸೋಲುತ್ತಿರುವ ಜೋಡಿ ತಲೆ ಸೇರಿಸಿ ಮಾತಾಡಿ, ನಿಲ್ಲುವ ಜಾಗ ಬದಲಿಸಿ, ಸರ್ವ್‌ನ ದಿಕ್ಕು ಬದಲಿಸಿ, ಆಟವನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಳ್ಳುವುದಕ್ಕೆ ಅಲ್ಲಿ ಕಾಲವೇ ಸಿಗುವುದಿಲ್ಲ. ಡಬಲ್ಸ್ ನೋಡುವ ಸುಖ ಇರುವುದೇ ಆ ತಿರುವಿನಲ್ಲಿ. ಎಲ್ಲ ಸುತ್ತುಗಳಲ್ಲಿ ಆಗದಿದ್ದರೆ ಬೇಡ. ಫೈನಲ್‌ಗಾದರೂ ಪ್ರತಿಯೊಂದು ಟೂರ್ನಿ ಮೂರನೇ ಸೆಟ್ಟನ್ನು ಪೂರ್ತಿ ಆಡಿಸಲಿ.