ಅನುದಾನ ಬೇಕೆ? ಮೊದಲು ಲೆಕ್ಕ ಬರೆಯಿರಿ

ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯಲ್ಲಿ ಸೇವೆ ಮಾಡುವ ಮನಸ್ಸಿನವರಿಗೆ ಬರವಿಲ್ಲ. ಮಕ್ಕಳಿಗೆ ಸಂಜೆ ಪಾಠ, ಹೆಣ್ಣುಮಕ್ಕಳಿಗೆ ಹೊಲಿಗೆ ತರಬೇತಿ ಎಂದು ಸಣ್ಣಪುಟ್ಟ ಸಂಘಗಳು ಏನಾದರೊಂದು ನಡೆಸುತ್ತಲೇ ಇರುತ್ತವೆ. ಎರಡು ವರ್ಷ ಕೈಯಿಂದ ಹಾಕಿ ದುಡಿದವರು ಮೂರನೆಯ ವರ್ಷ ಬಾಗಿಲು ಮುಚ್ಚುವುದೂ ಉಂಟು. ಕಾರಣ, ಹಣದ ಅಡಚಣೆ.

ಹಾಗಾದರೆ ಕೊಡುವವರಿಲ್ಲವೆ? ಇದ್ದಾರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾವು ಉದ್ಯಮ ನಡೆಸುವ ಸುತ್ತಮುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕೆಂದೂ ಅದೇ ಕಲಮು ಹೇಳುತ್ತದೆ. ದೋಣಿಮಲೈನ ಅದಿರು, ತೋರಣಗಲ್ಲಿನ ಉಕ್ಕು ಎರಡೂ ಸಂಡೂರು ತಾಲ್ಲೂಕಿನವೇ ಆದ್ದರಿಂದ ಇಲ್ಲಿಯ ಸಂಘಗಳಿಗೆ ಇದು ಮುಖ್ಯವಾದ ಮಾತು.

ಆದರೆ ತೊಡಕೂ ಇದೆ. ಕಂಪನಿಯದಲ್ಲದ ಸಂಸ್ಥೆಗೆ ಈ ಹಣ ಸಿಗಬೇಕಾದರೆ ಅಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವವಿರಬೇಕು. ಸಂಘ ಅಥವಾ ಟ್ರಸ್ಟ್ ಆಗಿ ನೋಂದಣಿ, ಆದಾಯ ತೆರಿಗೆ ಇಲಾಖೆಯ ಮಾನ್ಯತೆ, 2021ರ ಏಪ್ರಿಲ್‌ನಿಂದ ಸಿ.ಎಸ್.ಆರ್.-1 ನಮೂನೆಯ ನೋಂದಣಿ ಸಹ ಕಡ್ಡಾಯ. ಕೆಲಸ ಮಾಡಿಯೂ ಅದನ್ನು ಬರೆದಿಡದ ಸಂಘಕ್ಕೆ ಆ ಮೂರು ವರ್ಷಗಳನ್ನು ತೋರಿಸುವುದೇ ಕಷ್ಟ.

ಅರ್ಜಿ ಬರೆಯುವುದು ಪ್ರೌಢಶಾಲೆಯ ಪ್ರಯೋಗದ ರೆಕಾರ್ಡ್ ಬರೆದಂತೆ. ಉದ್ದೇಶ, ಸಲಕರಣೆ, ವಿಧಾನ, ಫಲಿತಾಂಶ ಸ್ಪಷ್ಟವಾಗಿರಬೇಕು. ‘ಮಹಿಳೆಯರ ಏಳಿಗೆ’ ಎಂದರೆ ಸಾಲದು. ಯಾವ ತಾಂಡಾ, ಎಷ್ಟು ಮಂದಿ, ಎಷ್ಟು ತಿಂಗಳು, ತಲಾ ಎಷ್ಟು ಖರ್ಚು ಎಂಬುದನ್ನು ತಿಳಿಸಬೇಕು.

ಸರ್ಕಾರದ ಅನುದಾನಕ್ಕೆ ಇನ್ನೊಂದು ಕಟ್ಟುಪಾಡಿದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ, ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಹಣಬಳಕೆ ಪ್ರಮಾಣಪತ್ರ ಒಪ್ಪಿಸಬೇಕು. ಕಚೇರಿಗಳಲ್ಲಿ ‘ಯು.ಸಿ.’ ಎನ್ನುವುದು ಇದನ್ನೇ. ಇದು ಬಾಕಿಯಾದರೆ ಮುಂದಿನ ಕಂತು ನಿಂತೀತು. ಅದನ್ನೇ ನಂಬಿದ ಮಕ್ಕಳ ಪಾಠವೂ ನಿಂತೀತು.

ಲೆಕ್ಕವಿಟ್ಟ ಕೆಲಸ ಲೋಕಕ್ಕೆ ಹೇಗೆ ಕಾಣುತ್ತದೆ ಎಂಬುದಕ್ಕೆ ಸಂಡೂರು ಕುಶಲ ಕಲಾ ಕೇಂದ್ರ ಉದಾಹರಣೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ, ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಒಂದೊಂದು ವಸ್ತುವನ್ನೂ ಎಣಿಸಿದ್ದರಿಂದಲೇ ಅದು ಸಾಧ್ಯವಾಯಿತು.

ಆದ್ದರಿಂದ ಸಂಘ ಕಟ್ಟಿದ ದಿನವೇ ಒಂದು ನಗದು ಪುಸ್ತಕ, ಒಂದು ಠರಾವು ಪುಸ್ತಕ ತೆರೆಯುವುದು ಒಳ್ಳೆಯದು. ಪ್ರತಿ ಖರ್ಚಿಗೂ ರಸೀದಿ ಇಟ್ಟುಕೊಂಡು, ವರ್ಷಕ್ಕೊಮ್ಮೆ ಆಡಿಟ್ ಮಾಡಿಸಿದರೆ ಮೂರು ವರ್ಷಗಳ ಬಳಿಕ ಅರ್ಜಿ ಬರೆಯಲು ಬೇಕಾದ ಸಾಮಗ್ರಿಯೆಲ್ಲ ಸಂಘದ ಕಪಾಟಿನಲ್ಲೇ ಇರುತ್ತದೆ.